ಐಹೊಳೆಗೆ ಒಂದು ಇಡೀ ದಿನ ಕೊಡಿ

ಬಾದಾಮಿಯಲ್ಲಿ ಯಾವ ಕ್ಯಾಬ್‌ನವರನ್ನು ಕೇಳಿದರೂ ಪ್ಯಾಕೇಜ್ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಗುಹೆಗಳು, ಆಮೇಲೆ ಬನಶಂಕರಿ, ಮಹಾಕೂಟ, ಊಟ ಮುಗಿಸಿ ಪಟ್ಟದಕಲ್ಲು. ಕೊನೆಗೆ, ಟೈಮ್ ಉಳಿದರೆ, ಐಹೊಳೆ. ಉಳಿಯೋದು ಮುಕ್ಕಾಲು ಗಂಟೆ. ಅಷ್ಟರಲ್ಲಿ ಬೇಲಿಯೊಳಗಿನ ದುರ್ಗ ಗುಡಿಯ ಮುಂದೆ ನಿಂತು ನಾಲ್ಕು ಫೋಟೊ ತೆಗೆದುಕೊಳ್ಳಬಹುದು, ಹುಲ್ಲುಹಾಸಿನ ಮೇಲೆ ಒಂದು ಸುತ್ತು ಹಾಕಬಹುದು. ಕಾರು ಮತ್ತೆ ಬಾದಾಮಿ ಕಡೆ ತಿರುಗುತ್ತದೆ.

ಹೀಗೆ ನೋಡಿ ಬಂದವರು ಐಹೊಳೆಯ ಒಂದು ಪಾರ್ಕ್ ನೋಡಿರುತ್ತಾರೆ, ಊರು ನೋಡಿರುವುದಿಲ್ಲ. ನೂರಕ್ಕೂ ಹೆಚ್ಚು ಗುಡಿಗಳಿರುವ ಜಾಗ ಇದು. ಬೇಲಿಯೊಳಗೆ ಇರುವುದು ಬೆರಳೆಣಿಕೆಯಷ್ಟು ಮಾತ್ರ. ಮಿಕ್ಕವೆಲ್ಲ ಓಣಿಗಳಲ್ಲಿ, ಹೊಲದ ಅಂಚಿನಲ್ಲಿ, ಗುಡ್ಡದ ಮೇಲೆ, ಮಲಪ್ರಭೆಯ ದಂಡೆಯಲ್ಲಿ, ಯಾರದೋ ಹಿತ್ತಲ ಗೋಡೆಗೆ ಒರಗಿಕೊಂಡು ನಿಂತಿವೆ. ಅವುಗಳನ್ನು ನೋಡಲು ಕಾರು ಉಪಯೋಗಕ್ಕೆ ಬರಲ್ಲ. ಕಾಲು ಬೇಕು, ಒಂದು ದಿನ ಬೇಕು.

ದೇವರ ಹೆಸರಿಲ್ಲದ ಗುಡಿಗಳು

ಮೊದಲು ಹೆಸರುಗಳನ್ನೇ ಕೇಳಿ: ಲಾಡಖಾನ ಗುಡಿ, ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಮಠ. ದೇವರ ಹೆಸರು ಎಲ್ಲಿದೆ? ಇವೆಲ್ಲ ಮನುಷ್ಯರ ಹೆಸರು, ಮನೆತನದ ಹೆಸರು. ಚಾಲುಕ್ಯರ ಕಾಲ ಮುಗಿದು, ಪೂಜೆ ನಿಂತು, ಎಷ್ಟೋ ತಲೆಮಾರು ಕಳೆದ ಮೇಲೆ ಖಾಲಿ ಗುಡಿಗಳಲ್ಲಿ ಮತ್ತು ಅವುಗಳ ಮಗ್ಗುಲಲ್ಲಿ ಜನ ವಾಸಕ್ಕೆ ಬಂದರು. ಲಾಡಖಾನ್ ಎಂಬಾತ ವಾಸವಿದ್ದದ್ದು ಲಾಡಖಾನ ಗುಡಿ ಆಯಿತು. ಬಡಿಗರ ಮನೆ ಪಕ್ಕದ್ದು ಬಡಿಗೇರ ಗುಡಿ, ಅಂಬಿಗರ ಕೇರಿಯದ್ದು ಅಂಬಿಗೇರ ಗುಡಿ. ಬಡಿಗೇರ ಗುಡಿ ಮೂಲದಲ್ಲಿ ಸೂರ್ಯನಿಗೆ ಕಟ್ಟಿದ್ದು ಎಂದು ಬಲ್ಲವರು ಹೇಳುತ್ತಾರೆ. ಆದರೆ ಊರಿನ ಬಾಯಲ್ಲಿ ಉಳಿದದ್ದು ಬಡಿಗರೇ.

ದೊಡ್ಡ ತಮಾಷೆ ಇರುವುದು ದುರ್ಗ ಗುಡಿಯಲ್ಲಿ. ಹೆಸರು ಕೇಳಿ ದುರ್ಗಾದೇವಿ ಗುಡಿ ಅಂದುಕೊಂಡು ಕೈ ಮುಗಿಯುವವರೇ ಹೆಚ್ಚು. ಇಲ್ಲಿ ದುರ್ಗ ಅಂದರೆ ಕೋಟೆ. ಕೋಟೆಗೆ ತಾಗಿಕೊಂಡಿದ್ದ ಗುಡಿ, ಅದಕ್ಕೆ ದುರ್ಗ ಗುಡಿ. ಎರಡನೇ ವಿಕ್ರಮಾದಿತ್ಯನ ಕಾಲದ ಶಾಸನವೊಂದು ಇದು ಆದಿತ್ಯನ, ಅಂದರೆ ಸೂರ್ಯನ, ಗುಡಿ ಎನ್ನುತ್ತದೆ. ಅತ್ತ ನಿಜವಾಗಿ ದೇವಿಗೆ ಕಟ್ಟಿದ ಗುಡಿ ಹತ್ತಿರದಲ್ಲೇ ಇದೆ, ಬಾಗಿಲ ಮೇಲೆ ಗಜಲಕ್ಷ್ಮಿಯನ್ನೂ ಇಟ್ಟುಕೊಂಡಿದೆ. ಅದು ಗೌಡರ ಪಾಲಾಯಿತು!

ಇದನ್ನು ಕೇಳಿ ‘ಅಯ್ಯೋ, ಗುಡಿಯಲ್ಲಿ ಸಂಸಾರ ಮಾಡಿದರಾ’ ಅಂತ ಮೂಗು ಮುರಿಯುವವರಿದ್ದಾರೆ. ನನಗೆ ಉಲ್ಟಾ ಅನಿಸುತ್ತದೆ. ಸೂರು ಬೇಕಾದವರು ಸೂರನ್ನು ಕೆಡವಲ್ಲ. ಜನ ಬಿಟ್ಟುಹೋದ ಊರುಗಳಲ್ಲಿ ಕಲ್ಲುಗಳು ಯಾವ್ಯಾವುದೋ ಗೋಡೆಗೆ, ಸೇತುವೆಗೆ ಹೋದವು. ಇಲ್ಲಿ ಹದಿಮೂರು ಶತಮಾನದ ಕಂಬಗಳು ನಿಂತಿರುವುದರಲ್ಲಿ ಆ ಒಲೆಗಳ ಹೊಗೆಗೂ ಒಂದು ಪಾಲಿದೆ.

ಹೋಗುವುದು ಹೇಗೆ

ಬೆಂಗಳೂರಿನಿಂದ ಹೊರಡುವವರಿಗೆ ಸುಲಭದ ದಾರಿ ಗೋಲ್ ಗುಂಬಜ್ ಎಕ್ಸ್‌ಪ್ರೆಸ್. ಮೈಸೂರಿನಿಂದ ಬರುವ ಈ ರೈಲು ಸಂಜೆ ಬೆಂಗಳೂರು ಬಿಟ್ಟು, ಹುಬ್ಬಳ್ಳಿ, ಗದಗ ದಾಟಿ ಬೆಳಿಗ್ಗೆ ಬಾದಾಮಿಗೆ ಇಳಿಸುತ್ತದೆ. ಶುಕ್ರವಾರ ಆಫೀಸು ಮುಗಿಸಿ ಹತ್ತಿದರೆ ಶನಿವಾರ ಪೂರ್ತಿ ಕೈಯಲ್ಲಿರುತ್ತದೆ. ವೀಕೆಂಡಿಗೆ ಬರ್ತ್ ಬೇಗ ಖಾಲಿ ಆಗುತ್ತದೆ, ಮೊದಲೇ ಬುಕ್ ಮಾಡಿ. ಬಾದಾಮಿ ಸ್ಟೇಷನ್ ಊರಿನಿಂದ ಐದು ಕಿ.ಮೀ. ದೂರ ಇದೆ, ಆಟೊ ಸಿಗುತ್ತದೆ. ವಿಮಾನವೇ ಬೇಕು ಅನ್ನುವವರು ಹುಬ್ಬಳ್ಳಿಗೆ ಬಂದಿಳಿದು ಅಲ್ಲಿಂದ ನೂರು ಕಿ.ಮೀ.ಗೂ ಹೆಚ್ಚು ರಸ್ತೆ ಸವೆಸಬೇಕು. ರಾತ್ರಿ ರೈಲಿಗಿಂತ ಅದರಲ್ಲಿ ಏನು ಉಳಿಯುತ್ತದೋ ನನಗೆ ಗೊತ್ತಾಗಿಲ್ಲ.

ಬಾದಾಮಿಯಿಂದ ಐಹೊಳೆ ಸುಮಾರು 35 ಕಿ.ಮೀ. ಪಟ್ಟದಕಲ್ಲು ನಡುವೆ ಸಿಗುತ್ತದೆ, ಬಾದಾಮಿಯಿಂದ 22 ಕಿ.ಮೀ. ದೂರದಲ್ಲಿ. ಸರ್ಕಾರಿ ಬಸ್ಸುಗಳಿವೆ, ಆದರೆ ಸಿಟಿ ಬಸ್ ಥರ ಹತ್ತು ನಿಮಿಷಕ್ಕೊಂದು ಬರಲ್ಲ. ನೇರ ಬಸ್ ತಪ್ಪಿದರೆ ಇನ್ನೊಂದು ದಾರಿ ಅಮೀನಗಡ. ಬಾಗಲಕೋಟೆ–ಹುನಗುಂದ ರಸ್ತೆಯ ಈ ಊರಿಗೆ ಬಸ್ಸುಗಳ ಓಡಾಟ ಚೆನ್ನಾಗಿದೆ. ಅಲ್ಲಿಂದ ಐಹೊಳೆ ಹತ್ತು ಕಿ.ಮೀ. ಆಸುಪಾಸು, ಬಸ್ಸೋ ಟಂಟಂ ಆಟೊವೋ ಏನೋ ಒಂದು ಸಿಗುತ್ತದೆ. ಐಹೊಳೆಯಲ್ಲಿ ಇಳಿಯುವಾಗಲೇ ಕಂಡಕ್ಟರನ್ನು ಕೇಳಿಬಿಡಿ: ‘ವಾಪಸ್ ಕಡೀ ಬಸ್ ಎಷ್ಟಕ್ಕೈತ್ರಿ?’ ನೆಟ್‌ನಲ್ಲಿರುವ ಟೈಮ್‌ಟೇಬಲ್‌ಗಿಂತ ಕಂಡಕ್ಟರ ಬಾಯಿಮಾತು ಗಟ್ಟಿ.

ಕ್ಯಾಬ್ ಮಾಡಿಕೊಂಡರೂ ಅಡ್ಡಿಯಿಲ್ಲ. ಆದರೆ ಕ್ರಮ ತಿರುಗಿಸಿ: ಮೊದಲು ಐಹೊಳೆ. ಬೆಳಿಗ್ಗೆ ಏಳಕ್ಕೆ ಬಾದಾಮಿ ಬಿಟ್ಟರೆ ಬಿಸಿಲೇರುವ ಮೊದಲು ಗುಡ್ಡ ಹತ್ತಿ ಇಳಿಯಬಹುದು. ಡ್ರೈವರಿಗೆ ‘ಪೂರ್ತಿ ದಿನ ಐಹೊಳೆಯಲ್ಲೇ’ ಅಂದರೆ ಒಂದು ಕ್ಷಣ ನಿಮ್ಮ ಮುಖ ನೋಡುತ್ತಾರೆ, ಅಷ್ಟೆ. ಪಟ್ಟದಕಲ್ಲು, ಬಾದಾಮಿ ಭಾನುವಾರಕ್ಕಿರಲಿ. ಉಳಿದುಕೊಳ್ಳಲು ಬಾದಾಮಿಯೇ ವಾಸಿ, ಎಲ್ಲ ಬಜೆಟ್ಟಿನ ಲಾಡ್ಜುಗಳಿವೆ. ನವೆಂಬರಿನಿಂದ ಫೆಬ್ರವರಿ ಒಳ್ಳೆ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಬಂಡೆಗಳು ಕಾದ ಹಂಚು.

ಮೊದಲು ಮೇಗುಟಿ ಹತ್ತಿ

ಊರಿನ ಪಕ್ಕದ ಗುಡ್ಡದ ಮೇಲಿರುವುದು ಮೇಗುಟಿ. ಮೇಲಿನ ಗುಡಿ, ಮೇಗುಡಿ, ಅದೇ ಮೇಗುಟಿ. ಮೆಟ್ಟಿಲಿದೆ, ದೊಡ್ಡ ಚಾರಣವೇನಲ್ಲ. ಅರ್ಧ ದಾರಿಯಲ್ಲಿ ಎರಡಂತಸ್ತಿನ ಬೌದ್ಧ ಗುಡಿಯೊಂದು ಸಿಗುತ್ತದೆ, ಅರ್ಧ ಬಂಡೆ ಕೊರೆದದ್ದು, ಅರ್ಧ ಕಟ್ಟಿದ್ದು. ಮೇಲೆ ಹೋದರೆ ಜೈನ ಬಸದಿ. ಬಸದಿಯ ಹಿಂದೆ ಇನ್ನೂ ಸ್ವಲ್ಪ ನಡೆದರೆ ಇವೆಲ್ಲಕ್ಕಿಂತ ಎಷ್ಟೋ ಹಳೆಯ ಕಲ್ಮನೆಗಳು: ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ ಬೃಹತ್ ಶಿಲಾಯುಗದ ಸಮಾಧಿಗಳು. ಅಲ್ಲಿಯವರೆಗೆ ಹೋಗುವವರು ಕಡಿಮೆ.

ಬಸದಿಯ ಪೂರ್ವದ ಗೋಡೆಯಲ್ಲಿ ಒಂದು ಶಾಸನವಿದೆ. ಹತ್ತೊಂಬತ್ತು ಸಾಲು, ಸಂಸ್ಕೃತ ಭಾಷೆ, ಹಳೆಯ ಕನ್ನಡ ಲಿಪಿ. ಬರೆದವನು ರವಿಕೀರ್ತಿ, ಶಕ 556, ಅಂದರೆ ಕ್ರಿ.ಶ. 634. ಇಮ್ಮಡಿ ಪುಲಕೇಶಿ ಉತ್ತರದ ಹರ್ಷವರ್ಧನನನ್ನು ತಡೆದ ಸುದ್ದಿ ನಮಗೆ ಸಿಕ್ಕಿದ್ದು ಮುಖ್ಯವಾಗಿ ಇಲ್ಲಿಂದ. ಹರ್ಷನ ಹರ್ಷವೇ ಹೋಯಿತು ಎಂಬರ್ಥದ ಶ್ಲೇಷೆ ಮಾಡಿ ಚುಚ್ಚಿದ್ದಾನೆ ಕವಿ. ಅಷ್ಟಕ್ಕೇ ಬಿಡದೆ, ಕಾಳಿದಾಸ, ಭಾರವಿಯರ ಕೀರ್ತಿ ತನಗೂ ಸಿಕ್ಕಿದೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಾನೆ. ಆ ಜಂಬದಿಂದ ಒಂದು ಉಪಕಾರವಾಯಿತು. ಕಾಳಿದಾಸ 634ಕ್ಕಿಂತ ಮೊದಲೇ ಇದ್ದವನು ಎನ್ನಲು ವಿದ್ವಾಂಸರಿಗೆ ತಾರೀಖು ಸಮೇತ ಸಾಕ್ಷಿ ಸಿಕ್ಕಿತು.

ಮೇಗುಟಿಗೆ ಮೊದಲೇ ಹೋಗಬೇಕು ಅನ್ನುವುದಕ್ಕೆ ಬಿಸಿಲಷ್ಟೇ ಕಾರಣವಲ್ಲ. ಅಲ್ಲಿಂದ ಕೆಳಗೆ ನೋಡಿದರೆ ಇಡೀ ಊರು ಹರಡಿಕೊಂಡಿರುತ್ತದೆ. ಮನೆಗಳ ಮಾಳಿಗೆ, ಅದರ ನಡುವೆ ಎದ್ದ ಶಿಖರ, ನೀರಿನ ಟ್ಯಾಂಕು, ಮತ್ತೊಂದು ಶಿಖರ, ಆಚೆ ಹೊಲ, ಹೊಳೆ. ಯಾವ ಗುಡಿ ಎಲ್ಲಿದೆ, ಯಾವ ಓಣಿ ಹಿಡಿದರೆ ಎಲ್ಲಿಗೆ ಬರುತ್ತೇವೆ ಎಂದು ಇಲ್ಲೇ ಕಣ್ಣಲ್ಲಿ ಗುರುತು ಹಾಕಿಕೊಳ್ಳಿ. ಗೂಗಲ್ ಮ್ಯಾಪ್ ಓಣಿಗಳೊಳಗೆ ಕೈಕೊಡುವುದುಂಟು. ಒಬ್ಬರೇ ಬಂದಿದ್ದರೆ ತೀರಾ ನಸುಕಿನಲ್ಲಿ ಹತ್ತುವ ಬದಲು ನಾಲ್ಕು ಜನ ಓಡಾಡುವ ಹೊತ್ತಿಗೆ ಹತ್ತುವುದು ಒಳ್ಳೆಯದು.

ಬೇಲಿಯೊಳಗೆ, ಬೇಲಿಯಾಚೆ

ಇಳಿದ ಮೇಲೆ ದುರ್ಗ ಗುಡಿಯ ಆವರಣ. ಟಿಕೆಟ್ ಇರುವುದು ಇಲ್ಲಿ. ಶೌಚಾಲಯ, ಕುಡಿಯುವ ನೀರು ಇಲ್ಲಿಯೇ ನೋಡಿಕೊಳ್ಳಿ, ಮುಂದೆ ಓಣಿಗಳಲ್ಲಿ ಸಿಗುವುದು ಕಷ್ಟ. ದುರ್ಗ ಗುಡಿಯ ಹಿಂಭಾಗ ದುಂಡಗೆ, ಆನೆಯ ಬೆನ್ನಿನ ಹಾಗಿದೆ, ಅದಕ್ಕೇ ಗಜಪೃಷ್ಠ ಎನ್ನುತ್ತಾರೆ. ಸುತ್ತಲೂ ಕಂಬಗಳ ಸಾಲು, ನಡುವೆ ನಡೆಯಲು ಜಾಗ. ಆ ಸುತ್ತಿನಲ್ಲಿ ಮಹಿಷಮರ್ದಿನಿ, ನರಸಿಂಹ, ವರಾಹ, ಹರಿಹರ, ನಂದಿಗೆ ಒರಗಿದ ಶಿವ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ದುಂಡು ಬೆನ್ನಿನ ಮೇಲೆ ಉತ್ತರ ಭಾರತದ ಮಾದರಿಯ ಶಿಖರ ಕೂರಿಸಿದ್ದಾರೆ. ಸರಿಯಾಗಿ ಒಪ್ಪಿಲ್ಲ ಎಂದು ಯಾರ ಕಣ್ಣಿಗೂ ಗೊತ್ತಾಗುತ್ತದೆ. ಶಿಖರದ ತುದಿಗಿರಬೇಕಾದ ಕಲ್ಲಿನ ಆಮಲಕ ಪಕ್ಕದಲ್ಲಿ ನೆಲದ ಮೇಲಿದೆ.

ಶಾಲೆಯಲ್ಲಿ ‘ದೇವಾಲಯ ವಾಸ್ತುಶಿಲ್ಪದ ತೊಟ್ಟಿಲು’ ಅಂತ ಬಾಯಿಪಾಠ ಮಾಡಿದ ಮಾತಿಗೆ ಅರ್ಥ ಹೊಳೆಯುವುದು ಲಾಡಖಾನ ಗುಡಿಯಲ್ಲಿ. ತಲೆಯೆತ್ತಿ ಚಾವಣಿ ನೋಡಿ. ಚಪ್ಪಡಿಗಳ ಸಂದಿಯಲ್ಲಿ ನೀರು ಇಳಿಯದಿರಲೆಂದು ಮೇಲೆ ಉದ್ದುದ್ದ ಕಲ್ಲಿನ ಪಟ್ಟಿಗಳನ್ನು ಹೊದಿಸಿದ್ದಾರೆ, ದೂರದಿಂದ ಮರದ ದಿಮ್ಮಿ ಅನ್ನಬೇಕು. ಮೇಲಿನ ಗರ್ಭಗುಡಿಗೆ ಹೋಗಲು ಇಟ್ಟಿರುವುದೂ ಕಲ್ಲಿನಲ್ಲೇ ಕಡಿದ ಏಣಿ. ಮರದ ಕೆಲಸ ಗೊತ್ತಿದ್ದ ಕೈಗಳು ಕಲ್ಲಿನಲ್ಲಿ ಅದನ್ನೇ ಮಾಡಲು ಹೊರಟಿವೆ.

ಆವರಣದ ಮ್ಯೂಸಿಯಂ ತಪ್ಪಿಸಬೇಡಿ, ಶುಕ್ರವಾರ ಮಾತ್ರ ರಜೆ. ಊರಿನ ಮಾದರಿ ಇದೆ, ಮೇಗುಟಿಯಿಂದ ತಂದ ಅಂಬಿಕೆ ಇದ್ದಾಳೆ. ಐಹೊಳೆಯ ಎಲ್ಲವೂ ಐಹೊಳೆಯಲ್ಲಿಲ್ಲ ಅನ್ನುವುದೂ ಗೊತ್ತಿರಲಿ. ಇಲ್ಲಿಂದ ಹೋದ ಚಾವಣಿಯ ಬ್ರಹ್ಮ, ವಿಷ್ಣು, ಶಿವ ಮುಂಬೈನ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿದ್ದಾರೆ. ಹಾರುವ ಗಂಧರ್ವ ಜೋಡಿ ದೆಹಲಿಯ ನ್ಯಾಷನಲ್ ಮ್ಯೂಸಿಯಂನಲ್ಲಿದೆ.

ಆಮೇಲೆ ಊರೊಳಗೆ ಕಾಲಿಡಿ. ಪ್ಯಾಕೇಜಿನವರು ಕಾಣದ ಐಹೊಳೆ ಶುರುವಾಗುವುದು ಇಲ್ಲಿಂದ. ಕುಂಟಿಗುಡಿ ಗುಂಪು ಊರ ನಡುವೆಯೇ ಇದೆ. ಮಲ್ಲಿಕಾರ್ಜುನ ಗುಂಪು, ಜೈನರ ಚರಂತಿಮಠ, ಹೊಳೆಯ ಕಡೆ ಗಳಗನಾಥ ಗುಂಪು, ಹೀಗೆ ಒಂದರ ಬೆನ್ನಿಗೊಂದು. ಎಲ್ಲವನ್ನೂ ಮುಟ್ಟಿ ಬರುತ್ತೇನೆ ಎಂದು ಪಟ್ಟಿ ಹಿಡಿದು ಓಡಬೇಡಿ. ಗುಡಿಯ ಕಟ್ಟೆ ಪಕ್ಕದಲ್ಲೇ ಎಮ್ಮೆ ಕಟ್ಟಿರುತ್ತಾರೆ, ಬಿಸಿಲಿಗೆ ಕಾಳು ಹರವಿರುತ್ತಾರೆ, ಹುಡುಗರು ಕಂಬವನ್ನೇ ವಿಕೆಟ್ ಮಾಡಿಕೊಂಡಿರುತ್ತಾರೆ. ‘ಯಾವೂರ್ರಿ ನಿಮ್ಮದು?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಕೊಟ್ಟು ನಿಲ್ಲಿ. ಮುಂದಿನ ಗುಡಿಯ ದಾರಿ ಆ ಮಾತಿನಲ್ಲೇ ಸಿಗುತ್ತದೆ.

ಇದೇ ಊರು ಒಂದು ಕಾಲಕ್ಕೆ ವ್ಯಾಪಾರದ ದೊಡ್ಡ ಹೆಸರು. ಶಾಸನಗಳಲ್ಲಿ ಬರುವ ‘ಅಯ್ಯಾವೊಳೆ ಐನೂರ್ವರು’ ಇಲ್ಲಿನ ಹೆಸರು ಹೊತ್ತ ವರ್ತಕರ ಸಂಘ. ತಮಿಳುನಾಡು ದಾಟಿ ಸುಮಾತ್ರಾದವರೆಗೆ ಅವರ ಶಾಸನದ ಗುರುತುಗಳಿವೆ. ಊರಿನ ಹಿರಿಯರು ಹೇಳುವ ಕಥೆ ಬೇರೆ. ಪರಶುರಾಮ ರಕ್ತದ ಕೊಡಲಿಯನ್ನು ಮಲಪ್ರಭೆಯಲ್ಲಿ ತೊಳೆದನಂತೆ, ಕೆಂಪಾದ ನೀರು ಕಂಡ ಹೆಂಗಸು ‘ಅಯ್ಯೋ ಹೊಳೆ!’ ಅಂದಳಂತೆ, ಅದೇ ಐಹೊಳೆ.

ನೂರು ಮೀಟರಿನ ಲೆಕ್ಕ

ಓಣಿಯಲ್ಲಿ ನಡೆಯುವಾಗ ಇನ್ನೊಂದು ಕಣ್ಣಿಗೆ ಬೀಳುತ್ತದೆ. ಅರ್ಧಕ್ಕೆ ನಿಂತ ಗೋಡೆ, ತಗಡು ಹೊದಿಸಿದ ಮಾಳಿಗೆ. ಬಡತನ ಒಂದೇ ಕಾರಣ ಅಂದುಕೊಳ್ಳಬೇಡಿ.

ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಅನುಮತಿ ಬೇಕು. ಇದ್ದ ಮನೆ ರಿಪೇರಿಗೂ ಅನುಮತಿ ಬೇಕು. ಒಂದೇ ಸ್ಮಾರಕ ಇರುವ ಊರಿಗೆ ಇದು ತೊಂದರೆಯಲ್ಲ. ಐಹೊಳೆಯಂಥ ಕಡೆ ಒಂದು ಗುಡಿಯ ವೃತ್ತ ಮುಗಿಯುವ ಮೊದಲೇ ಇನ್ನೊಂದರ ವೃತ್ತ ಶುರು. ಮಗನಿಗೆ ಮದುವೆಯಾಯಿತು ಅಂತ ಒಂದು ಕೋಣೆ ಏರಿಸಬೇಕೆಂದರೆ, ಬಚ್ಚಲು ಕಟ್ಟಬೇಕೆಂದರೆ ಕಾನೂನು ಎದುರು ಬಂದು ನಿಲ್ಲುತ್ತದೆ. ಕಾಯ್ದೆ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಲಾಡಖಾನ ಗುಡಿ ಪಕ್ಕದಲ್ಲಿ ಇಷ್ಟೊತ್ತಿಗೆ ಮೂರಂತಸ್ತಿನ ಲಾಡ್ಜ್ ಎದ್ದಿರುತ್ತಿತ್ತು. ಆದರೆ ಅದರ ಬೆಲೆ ಕಟ್ಟುತ್ತಿರುವವರು ಯಾರು ಅನ್ನುವುದು ನಮಗೆ ಗೊತ್ತಿರಬೇಕು.

ಊರನ್ನೇ ಬೇರೆ ಕಡೆ ಸಾಗಿಸುವ ಮಾತು ದಶಕಗಳಿಂದ ನಡೆದಿದೆ. ಪಟ್ಟದಕಲ್ಲಿಗೆ 1987ರಲ್ಲೇ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಐಹೊಳೆ, ಬಾದಾಮಿ, ಪಟ್ಟದಕಲ್ಲು ಮೂರನ್ನೂ ಸೇರಿಸಿ ಮಾಡಿದ ಪ್ರಸ್ತಾವ 2015ರಿಂದ ತಾತ್ಕಾಲಿಕ ಪಟ್ಟಿಯಲ್ಲಿದೆ. ಊರಿನವರಲ್ಲೂ ಒಂದೇ ಅಭಿಪ್ರಾಯ ಇರಲು ಸಾಧ್ಯವಿಲ್ಲ. ಸರಿಯಾದ ಪರಿಹಾರ, ಮನೆ, ನೀರು ಕೊಟ್ಟರೆ ಹೋಗುತ್ತೇವೆ ಅನ್ನುವವರು ಇರುತ್ತಾರೆ, ಹೊಲ ಇಲ್ಲೇ ಇದೆ, ಅಜ್ಜ ಮುತ್ತಜ್ಜ ಇಲ್ಲೇ ಇದ್ದರು ಅನ್ನುವವರೂ ಇರುತ್ತಾರೆ. ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಿಂದ 2011ರಲ್ಲಿ ಮನೆ, ಅಂಗಡಿಗಳನ್ನು ತೆರವು ಮಾಡಿದ ಮೇಲೆ ಆ ರಸ್ತೆ ಹೇಗಿದೆ ಅನ್ನುವುದನ್ನು ಅಲ್ಲಿಗೆ ಹೋದವರು ನೋಡಿದ್ದೀರಿ. ಚೊಕ್ಕಟವಾಗಿದೆ, ನಿಜ. ಸಂಜೆ ದೀಪ ಹಚ್ಚುವವರು ಮಾತ್ರ ಇಲ್ಲ. ತೆರವು ಆಗಲೇಬೇಕೆಂದರೆ ಹೊರಗಿನವರ ಅವಸರಕ್ಕಲ್ಲ, ಊರವರ ಒಪ್ಪಿಗೆಯಿಂದ, ಮೊದಲು ಹೊಸ ಊರು ಕಟ್ಟಿ ಆಮೇಲೆ ಆಗಬೇಕು. ಗುಡಿಗಳಿಗೆ ಹೆಸರು ಕೊಟ್ಟ ಊರನ್ನು ತೆಗೆದ ಮೇಲೆ ಬಡಿಗೇರ ಗುಡಿ ಅನ್ನುವ ಬೋರ್ಡ್ ಯಾರ ಕಥೆ ಹೇಳುತ್ತದೆ?

ಮುಕ್ಕಾಲು ಗಂಟೆಯ ಪ್ರವಾಸದಿಂದ ಟಿಕೆಟ್ ಕೌಂಟರಿಗೆ ದುಡ್ಡು ಹೋಗುತ್ತದೆ, ಬಾದಾಮಿಯ ಲಾಡ್ಜಿಗೆ ಹೋಗುತ್ತದೆ. ಐಹೊಳೆಯ ಪಾಲಿಗೆ ಬರುವುದು ಕಾರಿನ ಧೂಳು. ಇಡೀ ದಿನ ಇದ್ದರೆ ಎರಡು ಸಲ ಚಹಾ ಕುಡಿಯುತ್ತೀರಿ, ಮಂಡಕ್ಕಿ-ಮಿರ್ಚಿ ತಿನ್ನುತ್ತೀರಿ, ಊರಿನವರೊಬ್ಬರನ್ನು ಗೈಡ್ ಮಾಡಿಕೊಳ್ಳುತ್ತೀರಿ. ರೇಟು ಮೊದಲೇ ಮಾತಾಡಿಕೊಳ್ಳಿ, ಆದರೆ ನೂರು ರೂಪಾಯಿಗೆ ಜಗ್ಗಾಡಬೇಡಿ. ಚಿಲ್ಲರೆ ನೋಟು ಜೇಬಿನಲ್ಲಿರಲಿ, ಸಿಗ್ನಲ್ ಇಲ್ಲದ ಕಡೆ ಸ್ಕ್ಯಾನ್ ಮಾಡಲು ಆಗಲ್ಲ. ಮನೆ ಅಂಗಳ, ಹೆಣ್ಣುಮಕ್ಕಳು ಕೆಲಸ ಮಾಡುತ್ತಿರುವುದು ಫ್ರೇಮಿನಲ್ಲಿ ಬರುತ್ತದೆ ಅಂದರೆ ಕೇಳಿ ತೆಗೆಯಿರಿ. ‘ಅವ್ವಾರ, ಒಂದು ಫೋಟೊ ತಗೀಲೇನ್ರಿ?’ ಅಂದರೆ ಸಾಕು. ಬೇಡ ಅಂದರೆ ಬೇಡ. ಡ್ರೋನ್ ಅನುಮತಿಯಿಲ್ಲದೆ ಹಾರಿಸುವಂತಿಲ್ಲ.

ಹೊತ್ತು ಇಳಿಯುವಾಗ ರಾವಣಫಡಿ

ಮಧ್ಯಾಹ್ನದ ಊಟಕ್ಕೆ ಊರಿನಲ್ಲಿ ದೊಡ್ಡ ಹೋಟೆಲ್ ಹುಡುಕಬೇಡಿ. ಬಾದಾಮಿಯಿಂದ ಬರುವಾಗಲೇ ಬುತ್ತಿ ಕಟ್ಟಿಸಿಕೊಂಡರೆ ನೆಮ್ಮದಿ. ಮಾರನೇ ದಿನ ಬನಶಂಕರಿಗೆ ಹೋದರೆ ಗುಡಿಯ ಹತ್ತಿರ ಬುಟ್ಟಿ ಇಟ್ಟುಕೊಂಡ ಅಜ್ಜಿಯರು ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕೊಡುತ್ತಾರೆ. ಅದರ ಮುಂದೆ ಬಾದಾಮಿಯ ಯಾವ ಥಾಲಿಯೂ ನಿಲ್ಲುವುದಿಲ್ಲ.

ರಾವಣಫಡಿಯನ್ನು ಮಧ್ಯಾಹ್ನದ ಮೇಲಕ್ಕೆ ಇಟ್ಟುಕೊಳ್ಳಿ. ದುರ್ಗ ಗುಡಿಯಿಂದ ಸ್ವಲ್ಪವೇ ದೂರ, ನಡೆದೇ ಹೋಗಬಹುದು. ಆರನೇ ಶತಮಾನದಲ್ಲಿ ಬಂಡೆ ಕೊರೆದು ಮಾಡಿದ ಗುಹೆ. ಒಳಗೆ ಹತ್ತು ಕೈಗಳ ಶಿವ ಕುಣಿಯುತ್ತಿದ್ದಾನೆ, ಅವನ ಸುತ್ತ ಸಪ್ತಮಾತೃಕೆಯರು. ಎತ್ತರದ ಕಿರೀಟ, ನೀಳ ಮೈ, ಸೀರೆಯ ಸಣ್ಣ ಸಣ್ಣ ನಿರಿಗೆ. ತಲೆಯೆತ್ತಿದರೆ ಚಾವಣಿಯಲ್ಲಿ ಕಮಲ. ಮೊಬೈಲ್ ಟಾರ್ಚ್ ಹಾಕುವ ಮೊದಲು ಎರಡು ನಿಮಿಷ ಕತ್ತಲಿಗೆ ಕಣ್ಣು ಹೊಂದಿಸಿಕೊಂಡು ನಿಲ್ಲಿ. ಇಡೀ ಐಹೊಳೆಯಲ್ಲಿ ಒಂದೇ ಜಾಗ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ, ದುರ್ಗ ಗುಡಿಯನ್ನಲ್ಲ.

ಇನ್ನೂ ಬೆಳಕಿದ್ದರೆ ಅಲ್ಲಿಂದ ಮುಂದೆ ಹುಚ್ಚಿಮಲ್ಲಿ ಗುಡಿ. ಮುಖಮಂಟಪದ ಚಾವಣಿಯಲ್ಲಿ ನವಿಲೇರಿದ ಕಾರ್ತಿಕೇಯ, ಪಕ್ಕದಲ್ಲಿ ಮೆಟ್ಟಿಲ ಬಾವಿ. ಜನ ಕಡಿಮೆ, ಕೂರಲು ಕಟ್ಟೆಯಿದೆ.

ವಾಪಸ್ಸಿಗೆ ಅಮೀನಗಡದ ದಾರಿ ಹಿಡಿದರೆ ಅಲ್ಲಿ ಬಸ್ ಬದಲಿಸುವ ಹೊತ್ತಿನಲ್ಲಿ ಕರದಂಟು ಕೊಳ್ಳಿ. ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಬದಾಮು ಹಾಕಿ ಕಟ್ಟಿದ್ದು, ಆಫೀಸಿನ ಟೇಬಲ್ಲಿನ ಮೇಲೆ ಇಟ್ಟರೂ ವಾರಗಟ್ಟಲೆ ಕೆಡಲ್ಲ. ಗೋಕಾಕದ ಕರದಂಟು ಮೇಲೋ ಅಮೀನಗಡದ್ದು ಮೇಲೋ ಅನ್ನುವ ಜಗಳಕ್ಕೆ ಅಂಗಡಿಯವರ ಮುಂದೆ ಮಾತ್ರ ಇಳಿಯಬೇಡಿ, ಬಸ್ ತಪ್ಪುತ್ತದೆ.